ಪಾತ್ರಧರ್ಮ

‘ಪಾತ್ರ’ವೆಂಬ ಶಬ್ದಕ್ಕೆ ಮುಖ್ಯವಾಗಿ ಮೂರು ಅರ್ಥಗಳುಂಟು. ಹಾಲನ್ನೋ ನೀರನ್ನೋ ಹಿಡಿಯತಕ್ಕ ಭಾಂಡವು ಒಂದು. ರಂಗದ ಮೇಲೆ ನಟನು ಧರಿಸತಕ್ಕ ವೇಷವು ಎರಡನೆಯದು. ದಾನಕ್ಕಾಗಲಿ ಮನ್ನಣೆಗಾಗಲಿ ಅರ್ಹನಾದ ವ್ಯಕ್ತಿಯು ಮೂರನೆಯದು. ಒಂದೇ ಶಬ್ದದಲ್ಲಿ ಈ ಮೂರೂ ಒಡಗೂಡಿರುವುದರಿಂದ ಒಂದು ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಚಿಕ್ಕ ವೇಷವನ್ನು ಕಟ್ಟಿದವನು ಚಿಕ್ಕ ಮನ್ನಣೆಗೆ ಮಾತ್ರವೇ ಪಾತ್ರನೋ? ತನ್ನ ಪಾಲಿಗೆ ಬಂದ ಪಾತ್ರವನ್ನು ಗೊಣಗದೆ ನಿರ್ವಹಿಸುವುದೇ ಧರ್ಮವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತು ಎಲ್ಲಿಯವರೆಗೆ ಸತ್ಯ, ಎಲ್ಲಿಂದಾಚೆಗೆ ಅನ್ಯಾಯ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ಮೂಡುಬಿದಿರೆಯ ಎಂ. ವಿ. ವಾಸುದೇವರಾಯರು ನಾಟಕರಂಗದಲ್ಲಿ ಪಳಗಿ, ಬಳಿಕ ಚಲನಚಿತ್ರಗಳಲ್ಲಿ ಬಹುಕಾಲ ಸಣ್ಣಪುಟ್ಟ ಪಾತ್ರಗಳನ್ನೇ ವಹಿಸುತ್ತಿದ್ದವರು. ಇಂತಹವರನ್ನು ಪೋಷಕನಟರೆಂದು ಕರೆಯುವ ರೂಢಿಯುಂಟು. ಮುದುಕನೋ ಆಳೋ ನೆರೆಮನೆಯವನೋ ಆಗಿ ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುವ ಇವರ ಮುಖವು ಪ್ರೇಕ್ಷಕನಿಗೆ ಪರಿಚಿತ, ಹೆಸರು ಅಪರಿಚಿತ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಬಂಟವಾಳ ತಾಲೂಕಿನ ಮಂಚಿಯವರಾದ ಬಿ. ವಿ. ಕಾರಂತರು 1975ರಲ್ಲಿ ಚಲನಚಿತ್ರವಾಗಿಸಿದಾಗ ಚೋಮನ ಪಾತ್ರವು ವಾಸುದೇವರಾಯರ ಪಾಲಿಗೆ ಬಂದಿತು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಸ್ವರ್ಣಕಮಲವೂ ಇವರಿಗೆ ಅತ್ಯುತ್ತಮ ನಟನೆಂಬ ಮನ್ನಣೆಯೂ ದೊರೆತವು. ಕನ್ನಡ ಚಿತ್ರದ ಅಭಿನಯಕ್ಕೆ ಆ ಮನ್ನಣೆ ಸಂದದ್ದು ಅದೇ ಮೊದಲು.

ಇದರಿಂದ ಸುಲಭವಾದ ನೀತಿಯೊಂದನ್ನು ತೆಗೆಯಬಹುದು: ಸಣ್ಣದನ್ನು ಶ್ರದ್ಧೆಯಿಂದ ಮಾಡುತ್ತಿದ್ದರೆ ದೊಡ್ಡದು ತಾನಾಗಿ ಒದಗುವುದು. ಆದರೆ ಈ ನೀತಿ ಅರ್ಧಸತ್ಯವಷ್ಟೆ. ಅದೇ ಶ್ರದ್ಧೆಯಿಂದ ದುಡಿದು, ಯಾವ ದೊಡ್ಡದೂ ಒದಗದೆ ಕಣ್ಮುಚ್ಚಿದವರು ಎಷ್ಟು ಮಂದಿಯೋ! ಚೋಮನ ಪಾತ್ರವು ಬಾರದೆ ಹೋಗಿದ್ದರೆ ವಾಸುದೇವರಾಯರ ಅದುವರೆಗಿನ ದುಡಿಮೆಯು ನಿಷ್ಫಲವಾಗುತ್ತಿತ್ತೆ? ಆಗುತ್ತಿರಲಿಲ್ಲ. ಭರತಮುನಿಯು ಎಂಟು ಸ್ಥಾಯಿಭಾವಗಳನ್ನೂ ಮೂವತ್ತಮೂರು ಸಂಚಾರಿಭಾವಗಳನ್ನೂ ಹೇಳಿ, ಸ್ಥಾಯಿಯನ್ನು ಅರಸನಿಗೂ ಉಳಿದವನ್ನು ಪರಿವಾರಕ್ಕೂ ಹೋಲಿಸಿದ್ದಾನೆ. ಅರಸನು ಒಬ್ಬನೇ ಕುಳಿತರೆ ಓಲಗವೆಲ್ಲಿಯದು? ಬಂದು ಹೋಗುವ ಭಾವಗಳಿಲ್ಲದೆ ನಿಂತ ಭಾವವು ರಸವಾಗಲಾರದು. ಆದುದರಿಂದ ಸಣ್ಣ ಪಾತ್ರದ ಬೆಲೆ ಮುಂದೆ ಬರಬಹುದಾದ ಬಿರುದಿನಲ್ಲಿಲ್ಲ. ಅದು ಆ ಕ್ಷಣದ ಕೆಲಸದಲ್ಲಿಯೇ ಇದೆ.

ಹೆಚ್ಚು ಕಡಿಮೆ ಇದೇ ವಿಚಾರವನ್ನು ಬಾಳಿಗೆ ಅನ್ವಯಿಸಿ ಹೇಳಿದವನು ಎಪಿಕ್ಟೀಟಸನೆಂಬ ಗ್ರೀಕ್ ತತ್ತ್ವಜ್ಞಾನಿ. ನಾವೆಲ್ಲರೂ ನಟರು, ನಾಟಕವು ಹ್ರಸ್ವವೋ ದೀರ್ಘವೋ, ನಮ್ಮ ಪಾತ್ರವು ಭಿಕ್ಷುಕನದೋ ಅಧಿಕಾರಿಯದೋ ಎಂಬುದು ಕವಿಯ ಇಚ್ಛೆ, ಚೆನ್ನಾಗಿ ಅಭಿನಯಿಸುವುದು ಮಾತ್ರ ನಮ್ಮದು ಎಂಬುದು ಅವನ ಅಭಿಪ್ರಾಯದ ಸಾರ. ಹುಟ್ಟಿನಿಂದ ಅವನು ದಾಸನಾಗಿದ್ದವನು. ದಾಸ್ಯವನ್ನು ಉಂಡವನೇ ಹೀಗೆ ಹೇಳಿದಾಗ ಆ ಮಾತಿಗೆ ತೂಕವುಂಟು. ಆದರೆ ಅದೇ ಮಾತನ್ನು ದಾಸನ ಒಡೆಯನು ಹೇಳಿದ್ದರೆ? ಪದಗಳು ಅವೇ ಆಗಿದ್ದರೂ ಅರ್ಥವು ತಲೆಕೆಳಗಾಗುವುದು. ಮೊದಲನೆಯದು ಆತ್ಮಬಲ, ಎರಡನೆಯದು ಬೇಲಿ.

ಇಲ್ಲಿ ಚೋಮನು ನಮ್ಮೆದುರಿಗೆ ಬಂದು ನಿಲ್ಲುತ್ತಾನೆ. ಅವನು ಅಸ್ಪೃಶ್ಯನೆನಿಸಿದ ಜೀತದಾಳು. ಅವನಲ್ಲಿ ಎತ್ತುಗಳುಂಟು, ತೋಳಿನಲ್ಲಿ ಕಸುವುಂಟು. ಅವನು ಬಯಸಿದ್ದು ಅರಸೊತ್ತಿಗೆಯನ್ನಲ್ಲ. ತುಂಡು ಗದ್ದೆಯನ್ನು ತಾನಾಗಿ ಉಳುವುದನ್ನು. ಅದು ನಿನ್ನ ಕುಲಕ್ಕೆ ಹೇಳಿದ್ದಲ್ಲವೆಂಬುದು ಲೋಕದ ಉತ್ತರ. ತೀರದ ಸಾಲವು ಮಕ್ಕಳನ್ನು ಕಾಫಿ ತೋಟಕ್ಕೆ ಎಳೆಯಿತು. ಕಿರಿಯ ಮಗನು ನೀರಿನಲ್ಲಿ ಮುಳುಗುತ್ತಿದ್ದಾಗ ಮೈಲಿಗೆಯ ಭಯವು ದಡದಲ್ಲಿದ್ದವರ ಕೈಗಳನ್ನು ಕಟ್ಟಿತು. ಕೊನೆಗೆ ಅವನು ಗುಡಿಸಲಿನ ಬಾಗಿಲನ್ನಿಕ್ಕಿ, ದುಡಿಯನ್ನು ಬಾರಿಸುತ್ತಲೇ ಪ್ರಾಣಬಿಟ್ಟನು. ‘ನಿನಗೆ ಕೊಟ್ಟ ಪಾತ್ರವನ್ನು ಚೆನ್ನಾಗಿ ನಿರ್ವಹಿಸು’ ಎಂದು ಈ ಚೋಮನಿಗೆ ಯಾರು, ಯಾವ ಬಾಯಿಂದ ಹೇಳಬೇಕು? ಕೊಟ್ಟ ಪಾತ್ರವನ್ನು ತೃಪ್ತಿಯಿಂದ ವಹಿಸುತ್ತ ಬಂದ ನಟನು ಕೀರ್ತಿ ಪಡೆದದ್ದು, ಕೊಟ್ಟ ಪಾತ್ರದಲ್ಲಿ ತೃಪ್ತನಾಗಲೊಲ್ಲದ ಮನುಷ್ಯನನ್ನು ಅಭಿನಯಿಸಿ. ಈ ವೈದೃಶ್ಯವನ್ನು ನಾವು ಮರೆಯಬಾರದು.

ಹಾಗಾದರೆ ರಂಗದ ಪಾತ್ರಕ್ಕೂ ಬಾಳಿನ ಪಾತ್ರಕ್ಕೂ ಭೇದವೇನು? ನಮ್ಮ ಯಕ್ಷಗಾನವೇ ಉತ್ತರವನ್ನು ಹೇಳುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮೇಳವೇ ಮೊದಲಾದ ತೆಂಕುತಿಟ್ಟಿನ ಮೇಳಗಳ ಸಂಪ್ರದಾಯದಲ್ಲಿ ಹೊಸಬನು ಮೊದಲು ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯಬೇಕು. ಆದರೆ ಆ ಸಣ್ಣ ವೇಷವು ಮೆಟ್ಟಿಲು. ಇಂದಿನ ಕೋಡಂಗಿ ಮುಂದೆ ಕಿರೀಟವೇಷವನ್ನೂ ಕಟ್ಟಬಹುದು. ಹಾಸ್ಯಗಾರನು ಒಂದೇ ರಾತ್ರಿ ದೂತನೂ ಬ್ರಾಹ್ಮಣನೂ ಆಗಬಲ್ಲನು; ಒಂದು ವೇಷಕ್ಕೆ ಅವನನ್ನು ಕಟ್ಟಿಹಾಕುವವರಿಲ್ಲ. ಬೆಳಗಾದೊಡನೆ ಚೌಕಿಯಲ್ಲಿ ಕುಳಿತು ಬಣ್ಣ ತೆಗೆದರೆ ರಾಕ್ಷಸನೂ ದೇವೇಂದ್ರನೂ ಸಮಾನರು. ಅಂದರೆ, ಮೇಲೇರುವ ಮೆಟ್ಟಿಲೂ ಕಳಚಿಡುವ ಸ್ವಾತಂತ್ರ್ಯವೂ ಇದ್ದಾಗ ಮಾತ್ರ ಅದು ಪಾತ್ರ. ಇವೆರಡೂ ಇಲ್ಲದುದು ಪಾತ್ರವಲ್ಲ, ಸೆರೆ. ವಾಸುದೇವರಾಯರು ಚೋಮನ ಬಣ್ಣವನ್ನು ತೊಳೆದುಕೊಳ್ಳಬಲ್ಲವರಾಗಿದ್ದರು. ಚೋಮನು ಯಾವ ಹೊಳೆಯಲ್ಲಿ ತೊಳೆದುಕೊಳ್ಳಬೇಕಿತ್ತು?

‘ಹಾಗಿದ್ದರೆ ಪಾತ್ರವನ್ನೇ ನಿರಾಕರಿಸುವುದು ಸರಿಯೆ?’ ಎಂದು ಕೇಳಬಹುದು. ವಾಸುದೇವರಾಯರ ಇನ್ನೊಂದು ಪಾತ್ರವು ಈ ಪ್ರಶ್ನೆಗೂ ಕನ್ನಡಿ ಹಿಡಿಯುತ್ತದೆ. ಪ್ರೇಮಚಂದರ ‘ಕಫನ್’ ಎಂಬ ಕಥೆಯನ್ನಾಧರಿಸಿ ಮೃಣಾಲ್ ಸೇನರು 1977ರಲ್ಲಿ ತೆಲುಗಿನಲ್ಲಿ ‘ಒಕ ಊರಿ ಕಥ’ ಎಂಬ ಚಿತ್ರವನ್ನು ಮಾಡಿದರು. ಅದರಲ್ಲಿ ಇವರು ವೆಂಕಯ್ಯನಾದರು. ದುಡಿದರೆ ತುಂಬುವುದು ಜಮೀನುದಾರನ ಹೊಟ್ಟೆ. ಆದುದರಿಂದ ದುಡಿಯುವುದೇ ಮೂರ್ಖತನವೆಂಬುದು ವೆಂಕಯ್ಯನ ಸಿದ್ಧಾಂತ. ತರ್ಕದಲ್ಲಿ ಲೋಪವಿಲ್ಲ. ಆದರೆ ಅವನ ಸೊಸೆ ಆರೈಕೆಯಿಲ್ಲದೆ ಹೆರಿಗೆಯ ನೋವಿನಲ್ಲಿ ಸಾಯುತ್ತಾಳೆ. ದುಡಿಯಬಯಸಿದ ಚೋಮನಿಗೆ ಬಿಡುಗಡೆಯಿಲ್ಲ. ದುಡಿಯಲೊಲ್ಲದ ವೆಂಕಯ್ಯನ ಮನೆಯಲ್ಲಿಯೂ ಹೆಣವೇ ಬಿದ್ದಿತು. ಪಾತ್ರಗಳ ಹಂಚಿಕೆಯೇ ಅನ್ಯಾಯವಾಗಿರುವಲ್ಲಿ ಒಬ್ಬನ ಒಳ್ಳೆಯತನವಾಗಲಿ ಹಟವಾಗಲಿ ಸಾಲುವುದಿಲ್ಲವೆಂಬುದು ಈ ಎರಡು ಕಥೆಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ತಿಳಿಯುತ್ತದೆ.

ಹಂಚಿಕೆಯನ್ನು ತಿದ್ದುವ ಯತ್ನಗಳು ನಡೆಯದೆ ಇಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ಜಿಲ್ಲೆಯ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಚೋಮನಂತಹ ಜೀತದಾಳು ಮೂಲಗೇಣಿಯವನೂ ಅಲ್ಲ, ಚಾಲಗೇಣಿಯವನೂ ಅಲ್ಲ; ತಾನು ಉತ್ತ ಗದ್ದೆಯ ಮೇಲೆ ಹಕ್ಕೊತ್ತಾಯಕ್ಕೆ ಅವನಲ್ಲಿ ಆಧಾರವೆಲ್ಲಿಯದು? ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು 1976ರಲ್ಲಿ ಬಂದಿತು. ಕಾನೂನು ಸೆರೆಯ ಬಾಗಿಲನ್ನು ತೆರೆಯಬಲ್ಲದು. ಮೆಟ್ಟಿಲನ್ನು ಕಟ್ಟತಕ್ಕವರು ನಾವು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಯಾವ ಮನೆಯ ಮಗು ಪ್ರತಿವರ್ಷವೂ ಅರಸನಾಗುತ್ತದೆ, ಯಾವ ಮನೆಯ ಮಗು ಪ್ರತಿವರ್ಷವೂ ದ್ವಾರಪಾಲಕನಾಗಿ ಮೂಕವಾಗಿ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಮೆಟ್ಟಿಲು ಎಲ್ಲಿ ಮುರಿದಿದೆಯೆಂಬುದು ಗೊತ್ತಾಗುವುದು.

ಆದುದರಿಂದ ನನ್ನ ನಿರ್ಣಯವಿಷ್ಟು. ತನ್ನ ಪಾತ್ರದಲ್ಲಿ ತೃಪ್ತಿಯೆಂಬುದು ಮನುಷ್ಯನು ತನಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಕೆಳಗೆ ನಿಂತವನಿಗೆ ಮೇಲೆ ಕುಳಿತವನು ಉಪದೇಶಿಸತಕ್ಕುದಲ್ಲ. ನಮ್ಮ ಅಂಗಳವನ್ನು ಗುಡಿಸುವವಳಿಗೂ ತೋಟದಲ್ಲಿ ಅಡಕೆ ಕೊಯ್ಯುವವನಿಗೂ ನಿಷ್ಕಾಮಕರ್ಮವನ್ನು ಬೋಧಿಸುವ ಮೊದಲು, ಅವರ ಮಕ್ಕಳಿಗೆ ಬೇರೆ ವೇಷವನ್ನು ಕಟ್ಟುವ ದಾರಿಯುಂಟೋ ಎಂದು ನೋಡೋಣ. ಆ ದಾರಿಯಿದ್ದು, ಅರಿತು ಒಪ್ಪಿ ಸಣ್ಣ ಪಾತ್ರವನ್ನೇ ವಹಿಸುವವನಿದ್ದರೆ ಅವನಿಗೆ ತಲೆಬಾಗೋಣ. ರಾಷ್ಟ್ರಮನ್ನಣೆಯನ್ನು ಪಡೆದ ಬಳಿಕವೂ ವಾಸುದೇವರಾಯರು ಸಣ್ಣ ಪಾತ್ರಗಳನ್ನು ಕೀಳೆಂದು ಬಗೆಯಲಿಲ್ಲ. 1987ರಲ್ಲಿ ‘ನಾಯಕನ್’ ಎಂಬ ತಮಿಳು ಚಿತ್ರದಲ್ಲಿ, ಅನಾಥ ಬಾಲಕನನ್ನು ಸಾಕಿದ ಮುದುಕ ಹುಸೇನನಾಗಿ ಅವರು ಸ್ವಲ್ಪ ಹೊತ್ತು ಮಾತ್ರ ಕಾಣಿಸಿಕೊಂಡರು. ಆ ತೃಪ್ತಿಯು ಅವರದೇ. ಯಾರೂ ಅವರ ಮೇಲೆ ಹೊರಿಸಿದ್ದಲ್ಲ.