ಇಂದಿನ ಧಮ್ಮ ಚಿಂತನ: ಬೆಲ್ಟ್ ಕಟ್ಟಿಕೊಂಡು ಹೊರಟವನು



ಕಳೆದ ಭಾನುವಾರ ನಮ್ಮ ಬಳಗದಲ್ಲಿ ಒಬ್ಬ ತಮ್ಮ ಕೇಳಿದ: "ಸಾರ್, ನಮ್ಮ ಮನೇಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಬೇರೆಯವರು ಆಗಲೇ ಎಲ್ಲೋ ಹೋಗಿ ಮುಟ್ಟಿದ್ದಾರೆ. ತಡವಾಗಿ ಹೊರಟವರು ಎಷ್ಟು ಓಡಿದರೆ ಸಾಕು?" ಆಗ ನನಗೆ ಉತ್ತರ ಹೊಳೆಯಲಿಲ್ಲ.

ಮೊನ್ನೆ ರಾತ್ರಿ ಮಗ ಮೊಬೈಲಿನಲ್ಲಿ ಒಂದು ಹಳೆಯ ವಿಡಿಯೊ ತೋರಿಸಿದ. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಕಾರ್ ರೇಸು, 1969ರದ್ದು. ಆಗಿನ ಪದ್ಧತಿಯಂತೆ ಚಾಲಕರು ರಸ್ತೆಯ ಒಂದು ಬದಿಯಲ್ಲಿ, ಕಾರುಗಳು ಇನ್ನೊಂದು ಬದಿಯಲ್ಲಿ. ಬಾವುಟ ಬಿದ್ದೊಡನೆ ಓಡಿ, ಕಾರು ಹತ್ತಿ, ಹೊರಡಬೇಕು. ಆ ಅವಸರದಲ್ಲಿ ಸೀಟ್ ಬೆಲ್ಟ್ ಕಟ್ಟಲು ಪುರಸೊತ್ತು ಯಾರಿಗೆ?

ಬೆಲ್ಜಿಯಂ ದೇಶದ 24 ವರ್ಷದ ಜಾಕಿ ಇಕ್ಸ್ ಅಂದು ಓಡಲಿಲ್ಲ. ಎಲ್ಲರೂ ಓಡುತ್ತಿದ್ದರೆ ಆತ ನಡೆದೇ ಹೋದ. ಬೆಲ್ಟ್ ಬಿಗಿಯಾಗಿ ಕಟ್ಟಿಕೊಂಡ. ಎಲ್ಲರಿಗಿಂತ ಕೊನೆಗೆ ಹೊರಟ. ಆ ಅಪಾಯಕಾರಿ ಪದ್ಧತಿಗೆ ಅದು ಅವನ ಪ್ರತಿಭಟನೆ. ಮೊದಲ ಸುತ್ತಿನಲ್ಲೇ ಜಾನ್ ವುಲ್ಫ್ ಎಂಬ ಚಾಲಕನ ಕಾರು ಅಪಘಾತಕ್ಕೀಡಾಗಿ ಆತ ತೀರಿಕೊಂಡ. ಬೆಲ್ಟ್ ಕಟ್ಟಿರಲಿಲ್ಲ. ಮರುದಿನ, 24 ಗಂಟೆ ಮುಗಿದಾಗ, ಗೆದ್ದದ್ದು ಇಕ್ಸ್ ಮತ್ತು ಅವನ ಜೊತೆಗಾರ ಜಾಕಿ ಆಲಿವರ್. ಮರುವರ್ಷದಿಂದ ಆ ಓಡುವ ಪದ್ಧತಿಯೇ ನಿಂತಿತು.

ಇಲ್ಲಿ ಒಂದು ಮಾತು ಮರೆಯಬಾರದು. ಗೆಲುವಿನ ಅಂತರ ಸುಮಾರು 120 ಮೀಟರ್ ಅಷ್ಟೇ. ಸುಮಾರು 5000 ಕಿಲೋಮೀಟರ್ ಓಡಿದ ಮೇಲೆ! ಅಂದರೆ ಒಂದೊಂದು ಸೆಕೆಂಡಿಗೂ ಬೆಲೆ ಇತ್ತು. ಬೆಲ್ಟಿಗೆ ಕೊಟ್ಟ ಕ್ಷಣಗಳ ಬೆಲೆ ಇಕ್ಸ್‌ಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟ. ಹೊರಟ ಮೇಲೆ ಮಾತ್ರ ಒಂದು ಗಳಿಗೆಯೂ ಸಡಿಲ ಬಿಡಲಿಲ್ಲ.

"ತಾಳ್ಮೆಯಿಂದ ಕಾಯಿರಿ" ಎಂದು ನಮಗೆ ತಲೆತಲಾಂತರದಿಂದ ಹೇಳಿದವರಿದ್ದಾರೆ. ನಾನು ಆ ಮಾತು ಹೇಳುತ್ತಿಲ್ಲ. ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. ಓದಿದರು, ತೂಗಿ ನೋಡಿದರು, ಹೋರಾಡಿದರು, ಜನರನ್ನು ಸಿದ್ಧಗೊಳಿಸಿದರು. ನಾಗಪುರದಲ್ಲಿ ಲಕ್ಷಾಂತರ ಜನರನ್ನು ಬರಿಗೈಯಲ್ಲಿ ಹೊರಡಿಸಲೂ ಇಲ್ಲ. ತ್ರಿಶರಣ, ಪಂಚಶೀಲ, 22 ಪ್ರತಿಜ್ಞೆಗಳನ್ನು ಕೊಟ್ಟು ಹೊರಡಿಸಿದರು. ನಮ್ಮ ಬೆಲ್ಟ್ ಅದು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ದೀಕ್ಷೆ ಪಡೆದ ಹೊಸದರಲ್ಲಿ ನಸುಕಿನ ನಾಲ್ಕೂವರೆಗೆ ಎದ್ದು ಒಂದು ಗಂಟೆ ಧ್ಯಾನ, ಒಂದು ಗಂಟೆ ಓದು ಎಂದು ಶುರು ಮಾಡಿದೆ. ಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದೆ. ಇಪ್ಪತ್ತನೇ ದಿನಕ್ಕೆ ನಿಂತುಹೋಯಿತು. ನಾಚಿಕೆಯಿಂದ ಆಮೇಲೆ ವರ್ಷಗಟ್ಟಲೆ ಪುಸ್ತಕ ಮುಟ್ಟಲಿಲ್ಲ. ಈಗ ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕೂತು ಪಂಚಶೀಲ ಹೇಳಿ, ಎರಡು ಪುಟ ಓದುತ್ತೇವೆ. ಹತ್ತು ನಿಮಿಷ. ಆರು ವರ್ಷದಿಂದ ನಡೆದಿದೆ.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಮ್ಮನ್ನು ತಡವಾಗಿ ಹೊರಡುವಂತೆ ಮಾಡಿದ ಪದ್ಧತಿಯನ್ನು ಪ್ರಶ್ನಿಸು, ಅದು ಬದಲಾಗುವವರೆಗೂ ಪ್ರಶ್ನಿಸು. ಆದರೆ ಆ ತಡವನ್ನು ಒಂದೇ ತಿಂಗಳಲ್ಲಿ ತುಂಬಲು ಹೋಗಿ ನಿದ್ದೆ, ಆರೋಗ್ಯ, ಶೀಲ ಬಿಟ್ಟು ಓಡಬೇಡ. ಬೆಲ್ಟ್ ಕಟ್ಟಿಕೋ. ಇವತ್ತೇ ಹೊರಡು. ನಿಲ್ಲಬೇಡ.

*ಇಂದಿನ ಸಂಕಲ್ಪ:* ಅವಸರದಲ್ಲಿ ಶುರು ಮಾಡಿ ಕೈಬಿಟ್ಟ ಒಂದು ಒಳ್ಳೆಯ ಕೆಲಸವನ್ನು ನೆನೆಯೋಣ. ಪ್ರತಿದಿನ ನಡೆಸಬಲ್ಲಷ್ಟು ಚಿಕ್ಕದಾಗಿ ಅದನ್ನು ಇಂದೇ ಮತ್ತೆ ಆರಂಭಿಸೋಣ.

ಭವತು ಸಬ್ಬ ಮಂಗಲಂ 🙏