ಹಿಟ್ಟಿನ ಕೋಳಿ, ಹಿಟ್ಟಿನ ತಿಗಣೆ

ಮಹಾನಗರದ ಮನೆಗಳಿಗೆ ಅಂಗಳವಿಲ್ಲ, ಹಿತ್ತಿಲಿಲ್ಲ. ಇರುವ ಅಂಗೈಯಗಲದ ಬಾಲ್ಕನಿಯಲ್ಲಿ ಅಥವಾ ಕಿಟಕಿಯ ಸರಳುಗಳ ನಡುವೆ, ತುಳಸಿಯ ಪಕ್ಕದಲ್ಲಿ ನಾವು ಒಂದೆರಡು ಕಳ್ಳಿಗಿಡಗಳನ್ನು ಇಟ್ಟುಕೊಳ್ಳುತ್ತೇವೆ. ರಜೆಯಲ್ಲಿ ಹದಿನೈದು ದಿನ ಊರಿಗೆ ಹೋಗಿಬಂದರೂ ನೀರಿಗಾಗಿ ಹಟ ಹಿಡಿಯದ ಗಿಡ ಎಂಬುದೇ ನಮಗೆ ಅದರ ಮೇಲಿರುವ ಪ್ರೀತಿಗೆ ಮುಖ್ಯ ಕಾರಣವೆಂದು ತೋರುತ್ತದೆ. ಮೈತುಂಬ ಮುಳ್ಳಿರುವ ಇದಕ್ಕೆ ಶತ್ರುಭಯವಿಲ್ಲವೆಂದು ನಾವು ನಂಬಿರುತ್ತೇವೆ. ಒಂದು ದಿನ ಮುಳ್ಳುಗಳ ಬುಡದಲ್ಲಿ ಹತ್ತಿಯ ಚೂರಿನಂತಹ ಬಿಳಿಯ ಕಲೆಗಳು ಕಾಣುತ್ತವೆ. ಬೂಷ್ಟಿರಬೇಕೆಂದು ಒರೆಸಲು ಹೋದರೆ ಅದು ಮೆಲ್ಲಗೆ ಕಾಲಾಡಿಸುತ್ತದೆ.

ಅದು ಹಿಟ್ಟುತಿಗಣೆ. ಮೈಮೇಲೆ ಮೇಣದ ಪುಡಿ ಹೊದ್ದುಕೊಂಡು, ಸೂಜಿಯಂತಹ ಬಾಯನ್ನು ಗಿಡದೊಳಗೆ ಚುಚ್ಚಿ ರಸ ಹೀರುತ್ತ ಕುಳಿತಿರುತ್ತದೆ. ಹೆಣ್ಣು ಹತ್ತಿಯಂತಹ ಚೀಲದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಬೆಳೆದ ಗಂಡಿಗೆ ರೆಕ್ಕೆಯುಂಟು, ಉಣ್ಣುವ ಬಾಯಿಲ್ಲ. ಕೆಲವೇ ದಿನ ಬದುಕಿ ಸಾಯುತ್ತದೆ. ಇವು ವಿಸರ್ಜಿಸುವ ಸಿಹಿಯಾದ ಅಂಟಿಗಾಗಿ ಇರುವೆಗಳು ಬರುತ್ತವೆ, ಇವುಗಳಿಗೆ ಕಾವಲೂ ನಿಲ್ಲುತ್ತವೆ. ಒಂದು ಕುಂಡದಲ್ಲಿ ಇಷ್ಟೆಲ್ಲ ಸಂಸಾರ.

ಇದನ್ನು ಕೊಲ್ಲಬಹುದೇ? ಕೇಳುವವರು ನಗೆಗೀಡಾಗುವಷ್ಟು ಸಣ್ಣ ಪ್ರಶ್ನೆಯೆಂದು ಕಾಣಬಹುದು. ಆದರೆ ನಮ್ಮ ಹಿರಿಯರು ಇದಕ್ಕಿಂತ ಸಣ್ಣ ಜೀವಗಳಿಗೂ ಲೆಕ್ಕವಿಟ್ಟಿದ್ದರು. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಈ ಐದನ್ನು ಗೃಹಸ್ಥನ ಮನೆಯ ಐದು ಕಸಾಯಿಖಾನೆಗಳೆಂದು ಮನುಸ್ಮೃತಿ ಕರೆಯುತ್ತದೆ. ಅಲ್ಲಿ ಅರಿಯದೆ ನಡೆಯುವ ಕೊಲೆಗಳಿಗಾಗಿಯೇ ಪಂಚಮಹಾಯಜ್ಞಗಳ ವಿಧಿ. ಜೈನರು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಮನೆಗೆಲಸದಲ್ಲಿ ಆಗುವುದು, ಜೀವನೋಪಾಯದಲ್ಲಿ ಆಗುವುದು, ಆತ್ಮರಕ್ಷಣೆಗಾಗಿ ಎದುರಿಸುವಾಗ ಆಗುವುದು, ಬೇಕೆಂದೇ ಸಂಕಲ್ಪಿಸಿ ಮಾಡುವುದು. ಮೊದಲ ಮೂರು ಶ್ರಾವಕನಿಗೆ ಪೂರ್ತಿ ತಪ್ಪಿದ್ದಲ್ಲ. ನಾಲ್ಕನೆಯದನ್ನು ಅವನು ಬಿಡಲೇಬೇಕು.

ನಮ್ಮ ತಿಗಣೆ ಯಾವ ಮನೆಗೆ ಸೇರಿತು? ಕಳ್ಳಿ ನಮ್ಮ ಅನ್ನವಲ್ಲ, ಉದ್ಯೋಗವಲ್ಲ. ತಿಗಣೆ ನಮ್ಮನ್ನು ಕಚ್ಚುವುದೂ ಇಲ್ಲ. ನಮ್ಮ ಕಣ್ಣಿಗೆ ಚಂದವಾಗಿರಲೆಂದು ಇಟ್ಟ ಗಿಡಕ್ಕಾಗಿ, ಕೊಲ್ಲುವುದೆಂದೇ ನಿಶ್ಚಯಿಸಿ, ಕನ್ನಡಕ ಹಾಕಿಕೊಂಡು ಬಂದು ಕೂರುತ್ತೇವೆ. ಇದು ನಾಲ್ಕನೆಯದಕ್ಕೇ ಹತ್ತಿರ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ಕನ್ನಡ ಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು. ತಾಯಿಯ ಒತ್ತಾಯಕ್ಕೆ ಯಶೋಧರ ದೇವಿಗೆ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪದ ಪಾಪ ಬಿಡಲಿಲ್ಲ. ಮಗ ನವಿಲಾಗಿ, ತಾಯಿ ನಾಯಾಗಿ, ಮುಂದೆ ಮತ್ತೇನೇನೋ ಆಗಿ ಜನ್ಮಜನ್ಮಾಂತರ ತೊಳಲಿದರು. ಅವರ ಕೋಳಿ ಬರೀ ಹಿಟ್ಟು. ನಮ್ಮ ತಿಗಣೆಗೆ ಹಿಟ್ಟು ಮೇಲಿನ ಹೊದಿಕೆ ಮಾತ್ರ, ಒಳಗೆ ಜೀವವಿದೆ. ಜನ್ನನ ತಕ್ಕಡಿಯಲ್ಲಿ ತೂಗಿದರೆ ನಮ್ಮ ಪಾಡು ಯಶೋಧರನಿಗಿಂತ ಕಡೆ.

ಹಾಗಾದರೆ ಸುಮ್ಮನಿದ್ದುಬಿಡೋಣವೇ? ಇಲ್ಲಿಯೇ ತೊಡಕು. ನಮ್ಮ ಊರಿನ ಬೇಲಿಯ ಹಾಲುಗಳ್ಳಿಗೂ ಕುಂಡದ ಈ ಕಳ್ಳಿಗೂ ಸಂಬಂಧವಿಲ್ಲ. ಇದರ ಬಹುತೇಕ ಬಂಧುಬಳಗದ ತವರು ಅಮೆರಿಕ ಖಂಡ. ಅಲ್ಲಿನ ಬಯಲಿನಲ್ಲಿ ಗಿಡಕ್ಕೆ ಕೀಟ, ಕೀಟಕ್ಕೆ ಅದನ್ನು ತಿನ್ನುವ ಇನ್ನೊಂದು ಕೀಟ, ಎಲ್ಲವನ್ನೂ ತೊಳೆಯಲು ಮಳೆ, ಒಣಗಿಸಲು ಬಿಸಿಲು. ಆ ಏರ್ಪಾಡಿನಿಂದ ಒಂದು ತುಂಡನ್ನು ಕತ್ತರಿಸಿ, ಒಂದು ಸೇರು ಮಣ್ಣಿನಲ್ಲಿ ನೆಟ್ಟು, ಸೊಳ್ಳೆಪರದೆಯ ಹಿಂದೆ ಇಟ್ಟವರು ನಾವು. ಇಲ್ಲಿ ಪ್ರಕೃತಿಯೇ ನೋಡಿಕೊಳ್ಳಲಿ ಎನ್ನುವುದು ವೇದಾಂತವಲ್ಲ, ಸೋಮಾರಿತನ. ಕೈಕಟ್ಟಿ ಕುಳಿತರೆ ಗಿಡ ಸೊರಗಿ ಸಾಯುತ್ತದೆ. ಆಮೇಲೆ ತಿಗಣೆಗಳು ಉಪವಾಸ ಸಾಯುತ್ತವೆ, ಇಲ್ಲವೇ ಮರಿಗಳು ಹರಿದಾಡಿ ಪಕ್ಕದ ಗಿಡ ಸೇರುತ್ತವೆ. ಕುಂಡವನ್ನೇ ಕಸದ ಗಾಡಿಗೆ ಹಾಕುವವರೂ ಇದ್ದಾರೆ. ಅವರಿಗೆ ಕೊಂದೆವೆಂಬ ಭಾವನೆ ಬರುವುದಿಲ್ಲ. ಸಾಯುವವು ಮಾತ್ರ ಹೆಚ್ಚು, ಗಿಡವೂ ಸೇರಿ.

ಪೀಡೆ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹಿಟ್ಟುತಿಗಣೆಯ ನೆಂಟನೊಬ್ಬನಿದ್ದಾನೆ, ಕಾಚಿನೀಲ್ ಕೀಟ. ಅವನೂ ಬಿಳಿಯ ಹತ್ತಿ ಹೊದ್ದು ಕಳ್ಳಿಯ ಮೇಲೆ ಬದುಕುವವನೇ. ಹಿಸುಕಿದರೆ ಕಡುಗೆಂಪು ಬಣ್ಣ ಬರುತ್ತದೆ. ಆ ಬಣ್ಣದ ವ್ಯಾಪಾರದ ಆಸೆಗೆ 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬ್ರೆಜಿಲ್‌ನಿಂದ ಈ ಕೀಟವನ್ನು ಭಾರತಕ್ಕೆ ತಂದರು. ಬಂದದ್ದು ಬಣ್ಣಕ್ಕೆ ಒದಗುವ ಒಳ್ಳೆಯ ಜಾತಿಯಾಗಿರಲಿಲ್ಲ. ಆದರೆ ಅದು ಕಾಡಾಗಿ ಬೆಳೆದಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಹಾಕಿತು. ಅದನ್ನು ಕಂಡು 1863ರಿಂದ 1868ರ ಅವಧಿಯಲ್ಲಿ ಅದನ್ನು ದಕ್ಷಿಣಕ್ಕೂ ಒಯ್ದರು. 1926ರಲ್ಲಿ ಬೇರೆ ಜಾತಿಯ ಪಾಪಾಸುಕಳ್ಳಿಗಾಗಿ ಇನ್ನೊಂದು ಕಾಚಿನೀಲ್ ಕೀಟವನ್ನು ಸಿಂಹಳದಿಂದ ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ದಕ್ಷಿಣದಲ್ಲಿ ಎಷ್ಟೋ ನೆಲ ಮುಳ್ಳಿನಿಂದ ಬಿಡುಗಡೆಯಾಯಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಂತೂ ಪಾಪಾಸುಕಳ್ಳಿಯನ್ನು ತಿಂದು ರೈತರನ್ನು ಉಳಿಸಿದ ಒಂದು ಪತಂಗದ ಹೆಸರಿನಲ್ಲಿ 1936ರಲ್ಲಿ ಸ್ಮಾರಕ ಭವನವನ್ನೇ ಕಟ್ಟಿದರು. ಕಳ್ಳಿ ತಿನ್ನುವ ಹುಳು ಹೊಲದಲ್ಲಿ ಉಪಕಾರಿ, ನಮ್ಮ ಬಾಲ್ಕನಿಯಲ್ಲಿ ಅಪರಾಧಿ. ಹುಳು ಎರಡು ಕಡೆಯೂ ಮಾಡುತ್ತಿರುವುದು ಊಟ ಒಂದೇ. ಆದ್ದರಿಂದ ಕೊಲ್ಲುವವರು ಅದಕ್ಕೆ ಶಿಕ್ಷೆ ವಿಧಿಸುತ್ತಿದ್ದೇವೆ ಎಂಬ ಗತ್ತನ್ನಾದರೂ ಬಿಡಬೇಕು. ನಮಗೆ ಗಿಡ ಬೇಕು, ಅದಕ್ಕಾಗಿ ಕೊಲ್ಲುತ್ತಿದ್ದೇವೆ, ಅಷ್ಟೇ.

(ಇನ್ನು ಬಣ್ಣದ ಮಾತು. ಒಣಗಿಸಿದ ಕಾಚಿನೀಲ್ ಕೀಟ ಒಂದು ಪೌಂಡಿಗೆ ಸುಮಾರು 70,000 ತೂಗುತ್ತವೆ. ಆ ಕೆಂಪನ್ನು ಕೆಲವು ತಿನಿಸುಗಳಲ್ಲಿ, ತುಟಿಬಣ್ಣಗಳಲ್ಲಿ ಇಂದಿಗೂ ಬಳಸುವುದುಂಟು. ಸಾವಿರಾರು ಗೂಡುಗಳನ್ನು ಬಿಸಿನೀರಿಗೆ ಹಾಕಿ ತೆಗೆದ ರೇಷ್ಮೆಯನ್ನು ಮಡಿಯೆಂದು ಉಟ್ಟು ನಾವು ಪೂಜೆಗೆ ಕೂರುತ್ತೇವೆ. ತಿಗಣೆಯ ಮೇಲೆ ದಯೆಯ ಭಾಷಣ ಮಾಡುವ ಮುಂಚೆ ಬೀರುವಿನ ಬಾಗಿಲು ಮುಚ್ಚಿಡುವುದು ಮೇಲು.)

ಕೊಲ್ಲಲೇಬೇಕಾದರೆ ಹೇಗೆ ಎಂಬುದೂ ನೀತಿಯ ಪ್ರಶ್ನೆಯೇ. ಅಂಗಡಿಯ ಔಷಧವನ್ನು ದೂರದಿಂದ ಸಿಂಪಡಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅದಕ್ಕೆ ತಿಗಣೆ ಯಾವುದು, ಜೇಡ ಯಾವುದು, ತುಳಸಿಯ ಹೂವಿಗೆ ಬಂದ ಜೇನುನೊಣ ಯಾವುದು ಎಂಬ ಭೇದ ತಿಳಿಯದು. ಕೆಲವರು ಹಿಟ್ಟುತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವಿನ ಜಾತಿಯೊಂದನ್ನು ಬಿಡುವ ಉಪಾಯ ಹೇಳುತ್ತಾರೆ. 1898ರಲ್ಲಿ ಆಸ್ಟ್ರೇಲಿಯದಿಂದ ಬಂದ ಈ ಜಾತಿ ತೋಟಗಳಿಗೆ ನಿಜಕ್ಕೂ ಉಪಕಾರಿ. ಕುಂಡವೊಂದಕ್ಕೆ ತಂದು ಬಿಟ್ಟರೆ ಇರುವುದನ್ನು ತಿಂದು ಮುಗಿಸಿ ಅದು ಹಸಿದು ಸಾಯುತ್ತದೆ. ಮೇಲಾಗಿ, ಅದರ ಕೈಯಲ್ಲಿ ಕೊಲ್ಲಿಸಿದರೆ ನಮ್ಮ ಕೈ ಶುದ್ಧವೆಂಬ ಸಮಾಧಾನವೂ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂದು ಜೈನರು ಮಾಡಿದ್ದನ್ನೂ ಮಾಡಿಸಿದ್ದನ್ನೂ ಒಪ್ಪಿದ್ದನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟಿದ್ದಾರೆ.

ನಮಗೆ ಒಪ್ಪಿಗೆಯಾದ ದಾರಿ ನಿಧಾನದ್ದು. ಕಡ್ಡಿಗೆ ಹತ್ತಿ ಸುತ್ತಿ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದನ್ನೇ ಮುಟ್ಟಿ ತೆಗೆಯುವುದು. ಮೊದಲು ಗಿಡದ ಮೂಲೆಯೊಂದರಲ್ಲಿ ಹಚ್ಚಿ ನೋಡಬೇಕು, ಒಲೆಯಿಂದ ದೂರವಿರಬೇಕು, ಒಂದೆರಡು ದಿನ ಬಿಸಿಲಿಗಿಡಬಾರದು. ಸ್ಪಿರಿಟ್ಟಿನಿಂದ ಸತ್ತರೂ ಔಷಧದಿಂದ ಸತ್ತರೂ ತಿಗಣೆಗೆ ಸಾವು ಸಾವೇ ಅಲ್ಲವೇ ಎಂದು ಕೇಳಬಹುದು. ಹೌದು, ಅದಕ್ಕೆ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಸುತ್ತಲಿನ ಉಳಿದ ಜೀವಗಳಿಗೆ. ಜೊತೆಗೆ, ಮುಕ್ಕಾಲು ಗಂಟೆ ಬಗ್ಗಿ ಕುಳಿತು ಎಣಿಸಿ ಎಣಿಸಿ ತೆಗೆದವರು ಇವು ಬಂದದ್ದು ಹೇಗೆಂದು ಯೋಚಿಸದೆ ಇರಲಾರರು.

ಬಂದದ್ದು ಹೆಚ್ಚಾಗಿ ನಮ್ಮ ಅತಿ ಉಪಚಾರದಿಂದ. ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ ಹಾಕಿ, ಗಾಳಿಬೆಳಕಿಲ್ಲದ ಮೂಲೆಯಲ್ಲಿಟ್ಟರೆ ಕಳ್ಳಿಯ ಮೈ ಮೆತ್ತಗಾಗಿ ರಸ ತುಂಬುತ್ತದೆ. ತಿಗಣೆಗೆ ಅದೇ ಔತಣ. ನರ್ಸರಿಯಿಂದ ತಂದ ಹೊಸ ಗಿಡವನ್ನು ಮೂರು ವಾರ ಬೇರೆಯಾಗಿಟ್ಟು ನೋಡಿದ್ದರೆ, ಕುಂಡದಿಂದ ಬಿಡಿಸಿ ಬೇರಿನಲ್ಲಿ ಬಿಳಿಯ ಪುಡಿಯಿದೆಯೇ ಎಂದು ಪರೀಕ್ಷಿಸಿದ್ದರೆ, ಎಷ್ಟೋ ಕೊಲೆ ತಪ್ಪುತ್ತಿತ್ತು. ಅಹಿಂಸೆಗೆ ಇಷ್ಟು ಮಟ್ಟಿನ ಗುಮಾಸ್ತಗಿರಿ ಬೇಕೇ ಬೇಕು.

ಒಂದು ಸಲ ಒರೆಸಿದರೆ ಮುಗಿಯುವುದಿಲ್ಲ. ಹತ್ತಿಯ ಚೀಲದಲ್ಲಿ ಉಳಿದ ಮೊಟ್ಟೆಗಳು ಮುಂದಿನ ವಾರ ಒಡೆಯುತ್ತವೆ; ಒಂದೆರಡು ತಿಂಗಳು ವಾರಕ್ಕೊಮ್ಮೆ ನೋಡುತ್ತಿರಬೇಕು. ಪಕ್ಕದ ಮನೆಯವರ ದಾಸವಾಳ ನಮ್ಮ ಕಿಟಕಿಗೆ ಎರಡು ಮೊಳ ದೂರದಲ್ಲಿದ್ದರೆ ಅವರಿಗೂ ಒಂದು ಮಾತು ಹೇಳಿಬರುವುದು ಒಳ್ಳೆಯದು.