ಸಂಕ್ರಮಣಕ್ಕೆ ಅರಳುವ ಹೂವು

ಒಂದು ಸಂಗತಿಯ ಕಾರಣ ತಿಳಿದ ಮೇಲೂ ಅದರಲ್ಲಿ ದೇವರನ್ನು ಕಾಣಬಹುದೇ? ಬೆಂಗಳೂರು ಬಿಟ್ಟು ಹೆಮ್ಮಾಡಿಗೆ ಬಂದು, ಮನೆ ಹಿಂದಿನ ಗದ್ದೆಯಲ್ಲಿ ಸೇವಂತಿಗೆ ನೆಟ್ಟಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹೆಮ್ಮಾಡಿ ಸೇವಂತಿಗೆಯ ಪರಿಚಯವನ್ನು ಕುಂದಾಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಹಳದಿ ಬಣ್ಣದ ಚಿಕ್ಕ ಹೂವು. ವರ್ಷಕ್ಕೊಂದೇ ಬೆಳೆ, ಅರಳುವುದು ಮಕರ ಸಂಕ್ರಮಣದ ಹೊತ್ತಿಗೆ. ಮೊದಲ ಹೂವು ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೆ ಸಲ್ಲಬೇಕು. ಊರೂರಿನ ಗೆಂಡ, ಕೋಲಗಳಿಗೆ ಹೋಗುವುದು ಆಮೇಲೆ. ಅವನ ಜಾತ್ರೆಗೆಂದೇ ಈ ಹೂವು ಅರಳುತ್ತದೆ ಎಂಬುದು ಇಲ್ಲಿನವರ ನಂಬಿಕೆ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಹಗಲಿರುಳಿನ ಅಳತೆ ನೋಡಿಕೊಂಡು ಗಿಡಗಳು ಹೂ ಬಿಡುತ್ತವೆ ಎಂಬುದನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ರಾತ್ರಿ ಹನ್ನೆರಡೂವರೆ ಗಂಟೆ ದಾಟುತ್ತದೆ. ಆಗ ತುದಿಯ ಎಲೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಹೆಸರುಕಾಳಿನಷ್ಟು ಹಸಿರು ಮೊಗ್ಗು; ಅದರ ನೆತ್ತಿಯಲ್ಲಿ ಹಳದಿಯ ಒಂದು ಗೆರೆ. ನಡುರಾತ್ರಿ ಬೆಳಕು ಬಿದ್ದರೆ ಈ ಮೊಗ್ಗು ಹಿಂದೆ ಬೀಳುತ್ತದೆ.

ಪಕ್ಕದ ಗದ್ದೆಯ ಅಕ್ಕನಿಗೆ ಗಾರ್ನರ್ ಯಾರೆಂದು ಗೊತ್ತಿಲ್ಲ. ನಮ್ಮ ಗೇಟಿಗೆ ದೀಪ ಹಾಕಿಸಿದ ದಿನವೇ ಬಂದು ಹೇಳಿದರು: "ರಾತ್ರಿ ಆ ಲೈಟ್ ಆರ್ಸಿ ಟೀಚ್ರೆ. ಗಿಡಕ್ಕೂ ಕತ್ಲಿ ಬೇಕಲ್ದಾ?" ನಾನು ಪುಸ್ತಕದಲ್ಲಿ ಓದಿದ್ದು ಅವರಿಗೆ ಗದ್ದೆಯಿಂದಲೇ ತಿಳಿದಿತ್ತು. ಆದರೂ ಮೊದಲ ಹೂವು ಬ್ರಹ್ಮಲಿಂಗನಿಗೆ ಎಂಬಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಕತ್ತಲೆಯೂ ನಿಜ, ದೇವರೂ ನಿಜ.

ಇದನ್ನು ಬರೀ ಹೊಂದಾಣಿಕೆ ಎಂದು ನಾನು ತಳ್ಳಿಹಾಕಲಾರೆ. ಈ ಬೆಳೆಗೆ ಯಾರೂ ಬೀಜ ಬಿತ್ತುವುದಿಲ್ಲ. ಹೂವು ಮುಗಿದ ಗಿಡದ ಬುಡದಲ್ಲಿ ಒಡೆಯುವ ಮರಿಗಳನ್ನು ಮಳೆಗಾಲವಿಡೀ ಕೊಳೆಯದಂತೆ ಕಾಪಾಡಿ, ಮತ್ತೆ ನೆಡಬೇಕು. ಒಂದು ವರ್ಷ ಕೈಬಿಟ್ಟರೆ ಆ ಮನೆಯಲ್ಲಿ ತಳಿ ಮುಗಿಯಿತು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಈ ಮರಿಗಳು ದಾಟಿ ಬಂದದ್ದು ಸಂಕ್ರಮಣದ ದಿನವನ್ನು ಕಣ್ಣೆದುರು ಇಟ್ಟುಕೊಂಡೇ. ಆ ದಿನಕ್ಕೆ ಒದಗುವ ಗಿಡ ಉಳಿಯಿತು, ಒದಗದ್ದು ಕೈಬಿಟ್ಟುಹೋಯಿತು ಎಂದು ನಾನು ತಿಳಿದಿದ್ದೇನೆ. ಹಾಗಿದ್ದರೆ ದೇವರಿಗೆಂದೇ ಅರಳುತ್ತದೆ ಎಂಬ ಮಾತು ಸುಳ್ಳಾಗುವುದು ಹೇಗೆ? ಇರುಳಿನ ಉದ್ದ ಗಿಡಕ್ಕೆ ಅರಳುವ ಹೊತ್ತನ್ನು ತೋರಿಸಿತು. ಆ ಗಿಡ ಇಂದಿಗೂ ಇರುವಂತೆ ನೋಡಿಕೊಂಡದ್ದು ಭಕ್ತಿ. ಕಾರಣಗಳ ಪಟ್ಟಿಯಲ್ಲಿ ಭಕ್ತಿಯೂ ಒಂದು ಕಾರಣವೇ.

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಎಲೆ, ಹೂವು, ಹಣ್ಣು, ನೀರು ಕೊಟ್ಟರೂ ಸಾಕು ಎನ್ನುತ್ತಾನೆ. ಅವೆಲ್ಲ ಸುಲಭಕ್ಕೆ ಸಿಗುವಂಥವು ಎಂದುಕೊಂಡಿದ್ದೆವು ಪೇಟೆಯವರು. ಒಂದು ಹೂವಿನ ಹಿಂದೆ ಹಟ್ಟಿಗೊಬ್ಬರ ಹೊತ್ತ ಬೆನ್ನು, ನೀರು ಹೊಯ್ದ ಸಂಜೆಗಳು, ಸೂರ್ಯನ ದಾರಿ ಎಲ್ಲ ಇವೆ. ಅವನ್ನು ಅರಿತು ಕೊಟ್ಟ ಹೂವೇ ಪೂರ್ಣ ಅರ್ಪಣೆ ಎಂದು ನನ್ನ ನಂಬಿಕೆ.

ಜನವರಿಯಲ್ಲಿ ಮಾರಣಕಟ್ಟೆಗೆ ಹೋಗುವವರು ಹೆಮ್ಮಾಡಿಯಲ್ಲಿ ಒಂದು ಗಳಿಗೆ ನಿಂತು, ಬೆಳೆದವರ ಕೈಯಿಂದಲೇ ಹೂವು ಕೊಳ್ಳಿ. ಚೌಕಾಸಿ ಮಾಡಬೇಡಿ. ಅವರು ಬೆಳೆದರೆ ಮಾತ್ರ ಮುಂದಿನ ವರ್ಷವೂ ದೇವರಿಗೆ ಈ ಹೂವು ಸಿಗುತ್ತದೆ.